ದೀರ್ಘದೂರದ ಟ್ರಯಥ್ಲಾನ್: ಕಾಲಿನಷ್ಟೇ ಹೊಟ್ಟೆಗೂ ತಾಲೀಮು ಬೇಕು

ಪ್ರಶ್ನೆ: ನನಗೆ ನಲವತ್ತೊಂದು ವರ್ಷ. ಅರ್ಧ ಮ್ಯಾರಥಾನ್ ಓಡಿದ ಅನುಭವವಿದೆ. ಕಳೆದ ವರ್ಷ ಒಲಿಂಪಿಕ್ ದೂರದ ಟ್ರಯಥ್ಲಾನ್ ಒಂದನ್ನು ಮುಗಿಸಿದ್ದೇನೆ. ಹತ್ತು ತಿಂಗಳ ನಂತರ ನಡೆಯಲಿರುವ ಪೂರ್ಣ ದೂರದ ಸ್ಪರ್ಧೆಗೆ ಈಗ ಹೆಸರು ಕೊಟ್ಟಿದ್ದೇನೆ. ಉದ್ಯೋಗ ಮತ್ತು ಮನೆಯ ಜವಾಬ್ದಾರಿಗಳ ನಡುವೆ ವಾರಕ್ಕೆ ಹತ್ತು ಗಂಟೆ ಸಿಗುತ್ತದೆ. ಇಷ್ಟು ಸಾಕೇ? ಮೂರು ವಿಭಾಗಗಳಿಗೆ ಅದನ್ನು ಹೇಗೆ ಹಂಚಬೇಕು?

ಉತ್ತರ: ಸ್ಪರ್ಧೆಯನ್ನು ಆರೋಗ್ಯವಾಗಿ ಮುಗಿಸುವುದು ನಿಮ್ಮ ಗುರಿಯಾಗಿದ್ದರೆ ಸಾಕು. ಆದರೆ ಕೊನೆಯ ಎರಡು ಮೂರು ತಿಂಗಳಲ್ಲಿ ಕೆಲವು ವಾರಗಳ ಮಟ್ಟಿಗಾದರೂ ಹದಿಮೂರು ಹದಿನಾಲ್ಕು ಗಂಟೆ ಹೊಂದಿಸಿಕೊಳ್ಳಬೇಕಾಗುತ್ತದೆ. ಆ ವಾರಗಳು ಯಾವುವೆಂದು ಮನೆಯವರೊಡನೆ ಈಗಲೇ ಮಾತನಾಡಿಕೊಳ್ಳಿ. 3.8 ಕಿ.ಮೀ. ಈಜು, 180 ಕಿ.ಮೀ. ಸೈಕ್ಲಿಂಗ್, 42.2 ಕಿ.ಮೀ. ಓಟ ಎಂಬ ಪೂರ್ಣ ದೂರದ ಅಳತೆಗಳನ್ನು ಯಾವ ಶರೀರಶಾಸ್ತ್ರಜ್ಞರೂ ಲೆಕ್ಕ ಹಾಕಿ ನಿಗದಿ ಮಾಡಿದ್ದಲ್ಲ. ಹವಾಯಿಯ ಓವಾಹು ದ್ವೀಪದಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದ ಸಮುದ್ರ ಈಜು, ದ್ವೀಪವನ್ನು ಸುತ್ತುವ ಸೈಕಲ್ ಸವಾರಿ ಮತ್ತು ಹೊನಲುಲು ಮ್ಯಾರಥಾನ್ ಈ ಮೂರನ್ನು 1978ರಲ್ಲಿ ಒಂದೇ ದಿನಕ್ಕೆ ಜೋಡಿಸಿದ್ದರಿಂದ ಅವು ಹುಟ್ಟಿಕೊಂಡವು. ಆದ್ದರಿಂದ ಮೂರಕ್ಕೂ ಸಮಪಾಲು ಕೊಡಬೇಕೆಂಬ ನಿಯಮವೇನೂ ಇಲ್ಲ. ಹದಿನಾಲ್ಕು ಗಂಟೆಯಲ್ಲಿ ಮುಗಿಸುವವರು ಸಾಮಾನ್ಯವಾಗಿ ನೀರಿನಲ್ಲಿ ಒಂದೂವರೆ ಗಂಟೆ, ಸೈಕಲ್ ಮೇಲೆ ಏಳು ಗಂಟೆ, ಓಟದಲ್ಲಿ ಐದು ಗಂಟೆಯಷ್ಟು ಕಾಲ ಇರುತ್ತಾರೆ. ನಿಮ್ಮ ತರಬೇತಿಯ ಅರ್ಧ ಭಾಗ ಸೈಕಲ್‌ಗೆ ಹೋಗಲಿ. ಉಳಿದರ್ಧದಲ್ಲಿ ಓಟಕ್ಕೆ ಹೆಚ್ಚು, ಈಜಿಗೆ ಕಡಿಮೆ. ಈಜು ದುರ್ಬಲವಾಗಿದ್ದರೆ ಮಾತ್ರ ಮೊದಲ ಮೂರು ತಿಂಗಳು ಅದಕ್ಕೆ ಹೆಚ್ಚು ಕೊಟ್ಟು, ಸಾಧ್ಯವಾದರೆ ತರಬೇತುದಾರರ ಕಣ್ಣೆದುರಿಗೆ ಶೈಲಿ ತಿದ್ದಿಕೊಳ್ಳಿ.

ಈ ಗಂಟೆಗಳಲ್ಲಿ ಬಹುಪಾಲು, ಪಕ್ಕದವರೊಡನೆ ತಡೆಯಿಲ್ಲದೆ ಪೂರ್ತಿ ವಾಕ್ಯ ಮಾತನಾಡಬಲ್ಲಷ್ಟು ಹಗುರವಾದ ವೇಗದಲ್ಲೇ ಕಳೆಯಬೇಕು. ವಾರಕ್ಕೆ ಒಂದು ದೀರ್ಘ ಸವಾರಿ ಇಟ್ಟುಕೊಂಡು, ಎರಡು ಗಂಟೆಯಿಂದ ಆರಂಭಿಸಿ ತಿಂಗಳುಗಳ ಅವಧಿಯಲ್ಲಿ ಐದರಿಂದ ಆರು ಗಂಟೆಗೆ ಏರಿಸಿ. ದೀರ್ಘ ಓಟವನ್ನು ಮಾತ್ರ ಎರಡೂವರೆ ಗಂಟೆಯ ಆಸುಪಾಸಿನಲ್ಲೇ ನಿಲ್ಲಿಸುವುದು ಲೇಸು, ಏಕೆಂದರೆ ಅದಕ್ಕೂ ಉದ್ದದ ಓಟದಿಂದ ಸ್ನಾಯುಗಳಿಗೆ ಆಗುವ ಹಾನಿ ಮುಂದಿನ ನಾಲ್ಕೈದು ದಿನಗಳ ತರಬೇತಿಯನ್ನು ನುಂಗಿಹಾಕುತ್ತದೆ. ಸೈಕಲ್‌ನಿಂದ ಇಳಿದ ಕೂಡಲೇ ಇಪ್ಪತ್ತು ಮೂವತ್ತು ನಿಮಿಷ ಓಡುವ ಅಭ್ಯಾಸವನ್ನು ಎರಡು ವಾರಕ್ಕೊಮ್ಮೆ ಸೇರಿಸಿದರೆ ಸಾಕು. ಮೂರು ವಾರ ಏರಿಕೆ, ಒಂದು ವಾರ ಇಳಿಕೆ ಎಂಬ ಕ್ರಮ ಹೆಚ್ಚಿನವರಿಗೆ ಹೊಂದುತ್ತದೆ. ಜ್ವರ ಬಂದೋ ಕೆಲಸದ ಒತ್ತಡದಿಂದಲೋ ತಪ್ಪಿಹೋದ ತರಬೇತಿಯನ್ನು ಮರುವಾರದ ಲೆಕ್ಕಕ್ಕೆ ಸೇರಿಸಿ ತೀರಿಸಲು ಹೋಗಬೇಡಿ. ಗಾಯಗಳು ಹೆಚ್ಚಾಗಿ ಶುರುವಾಗುವುದು ಅಂಥ ವಾರಗಳಲ್ಲಿಯೇ. ಕೊನೆಯ ಎರಡು ಮೂರು ವಾರ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ಆದರೆ ಚುರುಕಿನ ತುಣುಕುಗಳನ್ನು ಪೂರ್ತಿ ಕೈಬಿಡಬೇಡಿ. ನಲವತ್ತು ದಾಟಿರುವುದರಿಂದ ಇದೆಲ್ಲವನ್ನೂ ಆರಂಭಿಸುವ ಮೊದಲು ವೈದ್ಯರಿಂದ ಹೃದಯದ ತಪಾಸಣೆ ಮಾಡಿಸಿಕೊಳ್ಳಿ. ಕಾರಣವನ್ನು ಮೂರನೆಯ ಪ್ರಶ್ನೆಯ ಉತ್ತರದಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ಅರ್ಧ ದೂರದ ಸ್ಪರ್ಧೆಯಲ್ಲಿ ಸೈಕ್ಲಿಂಗ್‌ನ 60 ಕಿ.ಮೀ. ವರೆಗೂ ನಿರೀಕ್ಷೆಗಿಂತ ವೇಗವಾಗಿದ್ದೆ. ಆಮೇಲೆ ಹೊಟ್ಟೆ ತೊಳಸಲು ಶುರುವಾಗಿ, ಓಟದಲ್ಲಿ ಎರಡು ಬಾರಿ ವಾಂತಿಯಾಗಿ, ಉಳಿದ ದೂರವನ್ನು ನಡೆದೇ ಮುಗಿಸಿದೆ. ಜೆಲ್‌ಗಳನ್ನೂ (ಪೊಟ್ಟಣದಲ್ಲಿ ಬರುವ ಗಟ್ಟಿ ಸಕ್ಕರೆ ಪಾಕ) ನೀರನ್ನೂ ಸಾಕಷ್ಟು ತೆಗೆದುಕೊಂಡಿದ್ದೆ. ಪೂರ್ಣ ದೂರದಲ್ಲಿ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ನನಗೆ ಬರುವ ಪತ್ರಗಳಲ್ಲಿ ಅತಿ ಹೆಚ್ಚು ಕಾಣುವ ದೂರು ಇದು, ಮತ್ತು ತರಬೇತಿ ಪಟ್ಟಿಗಳು ಅತಿ ಕಡಿಮೆ ಗಮನ ಕೊಡುವ ವಿಷಯವೂ ಇದೇ. ನಿಮ್ಮ ಪತ್ರದ ಮೊದಲ ವಾಕ್ಯದಲ್ಲೇ ಅರ್ಧ ಉತ್ತರವಿದೆ: ನೀವು ನಿರೀಕ್ಷೆಗಿಂತ ವೇಗವಾಗಿ ಹೋಗುತ್ತಿದ್ದಿರಿ. ಶ್ರಮ ಹೆಚ್ಚಿದಂತೆ ರಕ್ತ ಸ್ನಾಯುಗಳ ಕಡೆಗೂ, ಬಿಸಿಲಿದ್ದರೆ ಚರ್ಮದ ಕಡೆಗೂ ಹರಿದು, ಕರುಳಿಗೆ ಸಿಗುವ ರಕ್ತ ತೀರ ಕಡಿಮೆಯಾಗುತ್ತದೆ. ಆಗ ನುಂಗಿದ ಜೆಲ್ ಮುಂದಕ್ಕೆ ಸಾಗದೆ ಹೊಟ್ಟೆಯಲ್ಲೇ ನಿಂತು ತೊಳಸುತ್ತದೆ. ಪೂರ್ಣ ದೂರದಲ್ಲಿ, ಪವರ್ ಮೀಟರ್ (ಪೆಡಲ್ ತುಳಿಯುವ ಶಕ್ತಿಯನ್ನು ಅಳೆಯುವ ಸಾಧನ) ಇದ್ದವರು ಒಂದು ಗಂಟೆ ಕಾಲ ಉಳಿಸಿಕೊಳ್ಳಬಲ್ಲ ಗರಿಷ್ಠ ಶಕ್ತಿಯ ಶೇ 65ರಿಂದ 75ರೊಳಗೆ ಇರಬೇಕು. ಮೊದಲ ಬಾರಿಯವರು ಕೆಳಗಿನ ಅಂಕಿಯ ಹತ್ತಿರವೇ ಇರುವುದು ಒಳ್ಳೆಯದು. ಸಮತಟ್ಟಾದ ರಸ್ತೆಯಲ್ಲಿ ಗಾಳಿಯ ತಡೆಯನ್ನು ಮೀರಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ ಎರಡು ಕಿ.ಮೀ. ವೇಗ ಗಳಿಸಲು ನೀವು ತೆರುವ ಬೆಲೆ, ಗಡಿಯಾರದಲ್ಲಿ ಉಳಿಯುವ ನಿಮಿಷಗಳಿಗಿಂತ ಬಹಳ ದೊಡ್ಡದು. ಈಜು ಮುಗಿಸಿ ಸೈಕಲ್ ಹತ್ತಿದ ಮೊದಲ ಅರ್ಧ ಗಂಟೆ ಎಲ್ಲಕ್ಕಿಂತ ಅಪಾಯಕಾರಿ. ಕಾಲುಗಳು ತಾಜಾ ಇರುತ್ತವೆ, ಸುತ್ತಲಿನವರು ಹಿಂದಿಕ್ಕಿ ಹೋಗುತ್ತಿರುತ್ತಾರೆ, ಹೃದಯ ಬಡಿತ ಇನ್ನೂ ಇಳಿದಿರುವುದಿಲ್ಲ. ಆ ಹೊತ್ತಿನಲ್ಲಿ ಹಗುರ ಗೇರ್‌ನಲ್ಲಿ ಪೆಡಲ್ ತುಳಿಯುತ್ತ, ಮೊದಲ ಹತ್ತು ಹದಿನೈದು ನಿಮಿಷ ಬರೀ ನೀರನ್ನು ಗುಟುಕರಿಸಿ, ಬಡಿತ ಇಳಿದ ಮೇಲೆ ಆಹಾರ ಆರಂಭಿಸಿ.

ಇನ್ನು ಪ್ರಮಾಣದ ಮಾತು. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ಕೂಡಿಟ್ಟ ಸಕ್ಕರೆಯ ರೂಪದಲ್ಲಿ ಇರುವ ಶಕ್ತಿಯ ದಾಸ್ತಾನು ಸುಮಾರು 2,000 ಕಿಲೋಕ್ಯಾಲರಿ ಮಾತ್ರ, ಪೂರ್ಣ ದೂರದ ಸ್ಪರ್ಧೆಯ ಖರ್ಚು ಅದರ ಹಲವು ಪಟ್ಟು. ಕೊಬ್ಬಿನಿಂದ ದೊಡ್ಡ ಪಾಲು ಬರುತ್ತದೆಯಾದರೂ ಉಳಿದ ಕೊರತೆಯನ್ನು ಬಾಯಿಂದಲೇ ತುಂಬಬೇಕು. ಸಣ್ಣ ಕರುಳು ಗ್ಲೂಕೋಸನ್ನು ಒಂದು ಬಗೆಯ ವಾಹಕದ ಮೂಲಕ ಹೀರಿಕೊಳ್ಳುತ್ತದೆ. ಅದರ ಮಿತಿ ಗಂಟೆಗೆ ಸುಮಾರು 60 ಗ್ರಾಂ. ಫ್ರಕ್ಟೋಸ್‌ಗೆ ಬೇರೆಯೇ ವಾಹಕವಿದೆ. ಆದ್ದರಿಂದ ಎರಡೂ ಬೆರೆತ ಪಾನೀಯ ಅಥವಾ ಜೆಲ್ ಬಳಸಿದರೆ ಗಂಟೆಗೆ 90 ಗ್ರಾಂ ವರೆಗೂ ಹೀರಿಕೊಳ್ಳಲು ಸಾಧ್ಯ. ಪೊಟ್ಟಣದ ಹಿಂಬದಿಯನ್ನು ಓದಿ. ಗ್ಲೂಕೋಸ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್ (ಕರುಳಿನಲ್ಲಿ ಗ್ಲೂಕೋಸಾಗಿ ಒಡೆಯುವ ಪಿಷ್ಟದ ಪುಡಿ) ಮಾತ್ರ ಇದ್ದರೆ ಅದನ್ನು ಎಷ್ಟು ಹೆಚ್ಚಿಸಿದರೂ ಮಿತಿಗಿಂತ ಮಿಕ್ಕಿದ್ದು ಕರುಳಿನಲ್ಲೇ ಉಳಿಯುತ್ತದೆ.

ಆದರೆ ಅಭ್ಯಾಸವಿಲ್ಲದ ಹೊಟ್ಟೆಗೆ ಸ್ಪರ್ಧೆಯ ದಿನ ಏಕಾಏಕಿ 90 ಗ್ರಾಂ ಸುರಿದರೆ ಅದು ತಿರುಗಿ ಬೀಳುವುದು ಖಂಡಿತ. ಕರುಳು ತಾಲೀಮಿಗೆ ಒಗ್ಗುವ ಅಂಗ. ವಾರದ ದೀರ್ಘ ಸವಾರಿಯಲ್ಲಿ ಗಂಟೆಗೆ 40 ಗ್ರಾಂನಿಂದ ಆರಂಭಿಸಿ, ಎರಡು ಮೂರು ವಾರಕ್ಕೊಮ್ಮೆ ಹತ್ತು ಗ್ರಾಂ ಏರಿಸುತ್ತ ಬನ್ನಿ. ಹಸಿವಾದಾಗ ತಿನ್ನುವ ಕ್ರಮ ಇಲ್ಲಿ ನಡೆಯದು. ಗಡಿಯಾರಕ್ಕೆ ಇಪ್ಪತ್ತು ನಿಮಿಷದ ಎಚ್ಚರಿಕೆ ಇಟ್ಟು, ಪ್ರತಿ ಸಲ ಸ್ವಲ್ಪ ಸ್ವಲ್ಪವೇ ತೆಗೆದುಕೊಳ್ಳಿ. ಗಟ್ಟಿ ಜೆಲ್ಲನ್ನು ಸಿಹಿ ಪಾನೀಯದೊಂದಿಗೆ ನುಂಗುವುದು ಬಹಳ ಜನ ಮಾಡುವ ತಪ್ಪು. ಎರಡೂ ಸೇರಿ ಹೊಟ್ಟೆಯಲ್ಲಿ ಸಾಂದ್ರತೆ ಏರಿದರೆ ದೇಹವೇ ಕರುಳಿಗೆ ನೀರು ಬಿಟ್ಟುಕೊಡಬೇಕಾಗಿ ಬಂದು, ನೀವು ವಿವರಿಸಿದ ತೊಳಸು ಶುರುವಾಗುತ್ತದೆ. ಜೆಲ್ ಜೊತೆಗೆ ಬರೀ ನೀರು ಕುಡಿಯಿರಿ. ಓಟದಲ್ಲಿ ಹೊಟ್ಟೆ ಕುಲುಕುವುದರಿಂದ ಸೈಕಲ್ ಮೇಲೆ ಒಗ್ಗಿದ ಪ್ರಮಾಣ ಅಲ್ಲಿ ಒಗ್ಗದೆ ಹೋಗಬಹುದು. ಗಂಟೆಗೆ ಇಪ್ಪತ್ತು ಮೂವತ್ತು ಗ್ರಾಂ ಕಡಿಮೆ ಇಟ್ಟುಕೊಂಡೇ ಲೆಕ್ಕ ಹಾಕಿ. ಸ್ಪರ್ಧೆಯಲ್ಲಿ ಕೊಡುವ ಪಾನೀಯ ಯಾವುದೆಂದು ಆಯೋಜಕರು ಮೊದಲೇ ತಿಳಿಸುತ್ತಾರೆ. ಅದನ್ನೇ ತರಿಸಿಕೊಂಡು ಅಭ್ಯಾಸ ಮಾಡಿ.

ನೀರಿನ ವಿಷಯದಲ್ಲಿ 'ಸಾಕಷ್ಟು' ಎಂದರೆ ಎಷ್ಟೆಂದು ತೂಕದ ಯಂತ್ರವನ್ನೇ ಕೇಳಿ. ಸವಾರಿಗೆ ಮೊದಲು 70 ಕೆ.ಜಿ. ಇದ್ದು, ಎರಡು ಗಂಟೆಯಲ್ಲಿ ಒಂದು ಲೀಟರ್ ಕುಡಿದು, ಮರಳಿದಾಗ ಬೆವರು ಒರೆಸಿಕೊಂಡು ನೋಡಿದರೆ 68.6 ಕೆ.ಜಿ. ಇದೆ ಎಂದುಕೊಳ್ಳಿ, ಇಳಿದ 1.4 ಮತ್ತು ಕುಡಿದ 1 ಸೇರಿ 2.4 ಲೀಟರ್, ಅಂದರೆ ಗಂಟೆಗೆ 1.2 ಲೀಟರ್ ಬೆವರು. ಇದನ್ನು ತಂಪು ದಿನದಲ್ಲೊಮ್ಮೆ, ಬಿಸಿ ದಿನದಲ್ಲೊಮ್ಮೆ ಅಳೆಯಿರಿ. ಕಳೆದುಕೊಂಡ ಪ್ರತಿ ಹನಿಯನ್ನೂ ಮರಳಿ ತುಂಬಬೇಕಾಗಿಲ್ಲ. ಬೆವರಿಗಿಂತ ಹೆಚ್ಚು ಕುಡಿಯುವುದು ಅದಕ್ಕಿಂತ ಅಪಾಯ, ಏಕೆಂದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ಗೊಂದಲ, ತೀವ್ರವಾದರೆ ಮಿದುಳಿನ ಊತ ಮತ್ತು ಸಾವೂ ಸಂಭವಿಸುತ್ತದೆ. ಸ್ಪರ್ಧೆಯ ನಡುವೆ ಕೈಬೆರಳು ಊದಿಕೊಂಡು ಉಂಗುರ ಬಿಗಿಯಾಗತೊಡಗಿದ್ದರೆ, ಹೊಟ್ಟೆಯಲ್ಲಿ ನೀರು ಅಲುಗಾಡುತ್ತಿದ್ದರೆ ಕುಡಿಯುವುದನ್ನು ನಿಲ್ಲಿಸಿ. ಇನ್ನೊಂದು ಕಡೆ, ನೀರು ಮುಗಿದುಹೋದರೂ ಸ್ಪರ್ಧೆ ಕೈತಪ್ಪುತ್ತದೆ. ಮೇಲೆ ಹೇಳಿದ 1978ರ ಮೊದಲ ಸ್ಪರ್ಧೆಯಲ್ಲಿ ಓಟಕ್ಕೆ ಮುಂದಾಳಾಗಿ ಹೊರಟ ಜಾನ್ ಡನ್ಬಾರ್ ಅವರ ಸಹಾಯಕರ ಬಳಿ ನೀರು ತೀರಿ, ಅವರು ಬಿಯರ್ ಕೊಟ್ಟರು. ಗೆದ್ದದ್ದು ಗಾರ್ಡನ್ ಹಾಲರ್.

ಸ್ಪರ್ಧೆಗೆ ಮೊದಲಿನ ಎರಡು ದಿನ ನಾರು ಕಡಿಮೆ ಇರುವ, ಪಿಷ್ಟ ಹೆಚ್ಚಿರುವ ಪರಿಚಿತ ಆಹಾರವನ್ನು ಇಡೀ ದಿನಕ್ಕೆ ಹಂಚಿಕೊಂಡು ತಿನ್ನಿ. ಹಿಂದಿನ ರಾತ್ರಿ ಒಂದೇ ಸಲ ಹೊಟ್ಟೆ ಬಿರಿಯುವಂತೆ ಉಣ್ಣುವುದರಿಂದ ನಿದ್ದೆ ಕೆಡುತ್ತದೆ, ಅಷ್ಟೆ.

ಪ್ರಶ್ನೆ: ಈಜುಕೊಳದಲ್ಲಿ 3 ಕಿ.ಮೀ. ನಿರಾಯಾಸವಾಗಿ ಈಜುತ್ತೇನೆ. ಕೆರೆಯಲ್ಲಿ ಮಾತ್ರ ಮೊದಲ ನೂರು ಮೀಟರಿಗೇ ಉಸಿರು ಕಟ್ಟಿದಂತಾಗಿ ನಿಂತುಬಿಡುತ್ತೇನೆ. ಇದು ಮನಸ್ಸಿನ ದೌರ್ಬಲ್ಯವೇ?

ಉತ್ತರ: ಅಲ್ಲ. ತಣ್ಣೀರು ಮುಖ ಮತ್ತು ಎದೆಗೆ ತಾಗಿದೊಡನೆ ಉಸಿರಾಟ ತಾನಾಗಿ ತೀವ್ರವಾಗುತ್ತದೆ, ವೆಟ್‌ಸೂಟ್ ಎಂಬ ಬಿಗಿಯಾದ ರಬ್ಬರಿನ ಈಜುಡುಗೆ ಕತ್ತು ಮತ್ತು ಎದೆಯನ್ನು ಒತ್ತಿರುತ್ತದೆ, ತಳ ಕಾಣುವುದಿಲ್ಲ, ಹಿಡಿದುಕೊಳ್ಳಲು ಗೋಡೆಯಿಲ್ಲ. ಇವೆಲ್ಲ ಸೇರಿದಾಗ ನೀವು ಒಳಗೆ ಎಳೆದುಕೊಳ್ಳುತ್ತ ಹೋಗುತ್ತೀರಿ, ಹೊರಬಿಡುವುದನ್ನು ಮರೆಯುತ್ತೀರಿ. ನೀರಿಗಿಳಿದು ಸೊಂಟದ ಮಟ್ಟದಲ್ಲಿ ನಿಂತು ಮುಖವನ್ನು ಹಲವು ಬಾರಿ ಮುಳುಗಿಸಿ, ಪ್ರತಿ ಸಲವೂ ಗುಳ್ಳೆಗಳು ಪೂರ್ತಿ ಮುಗಿಯುವವರೆಗೆ ನೀರೊಳಗೆ ಉಸಿರು ಬಿಡಿ. ಉಸಿರು ತಹಬಂದಿಗೆ ಬಂದ ಮೇಲೆ ಐವತ್ತು ಮೀಟರ್ ದಡಕ್ಕೆ ಸಮಾನಾಂತರವಾಗಿ ಈಜಿ ಮರಳಿ. ಆರೆಂಟು ಕೈ ಹೊಡೆತಗಳಿಗೊಮ್ಮೆ ಕಣ್ಣುಗಳನ್ನಷ್ಟೇ ನೀರಿನ ಮೇಲೆತ್ತಿ ಗುರುತಿನ ಬಲೂನು ನೋಡುವುದನ್ನು ಕೊಳದಲ್ಲೇ ರೂಢಿಸಿಕೊಳ್ಳಿ; ತಲೆ ಪೂರ್ತಿ ಎತ್ತಿದರೆ ಕಾಲು ಮುಳುಗುತ್ತದೆ. ಸ್ಪರ್ಧೆಯಲ್ಲಿ ಗುಂಪಿನ ಅಂಚಿನಲ್ಲಿ, ಹಿಂದಿನಿಂದ ಹೊರಡಿ. ದೋಣಿಯ ನೆರವಿನಿಂದ ಮುಂದಕ್ಕೆ ಸಾಗದೆ ಇದ್ದಷ್ಟು ಹೊತ್ತು, ರಕ್ಷಣಾ ದೋಣಿಯನ್ನು ಹಿಡಿದು ವಿಶ್ರಮಿಸಲು ಸಾಮಾನ್ಯವಾಗಿ ನಿಯಮವೇ ಅವಕಾಶ ಕೊಡುತ್ತದೆ. ತೆರೆದ ನೀರಿನಲ್ಲಿ ಎಂದಿಗೂ ಒಂಟಿಯಾಗಿ ಅಭ್ಯಾಸ ಮಾಡಬೇಡಿ.

ಆದರೆ ಎಲ್ಲ ಉಸಿರುಕಟ್ಟುವಿಕೆಯೂ ಹೆದರಿಕೆಯಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಅಮೆರಿಕದಲ್ಲಿ 1985ರಿಂದ 2016ರ ನಡುವೆ ಟ್ರಯಥ್ಲಾನ್‌ಗಳಲ್ಲಿ ದಾಖಲಾದ 135 ಸಾವು ಮತ್ತು ಹೃದಯ ಸ್ತಂಭನದ ಪ್ರಕರಣಗಳಲ್ಲಿ 90 ಈಜಿನಲ್ಲೇ ಸಂಭವಿಸಿದ್ದವು. ಬಹುಪಾಲು ನಡುವಯಸ್ಸಿನ ಗಂಡಸರು. ಎದೆನೋವು, ತಲೆಸುತ್ತು, ಎಂದಿಲ್ಲದ ಏದುಸಿರು ಕಂಡರೆ, ಅಥವಾ ಕೆಮ್ಮಿನೊಡನೆ ನಸುಗೆಂಪು ನೊರೆ ಬಂದರೆ ಕೈಯೆತ್ತಿ ನೆರವು ಕೇಳಿ, ನೀರಿನಿಂದ ಹೊರಬಂದು ವೈದ್ಯರಿಗೆ ತೋರಿಸಿ. ಒಮ್ಮೆ ಹಾಗಾದವರು ತಪಾಸಣೆಯಿಲ್ಲದೆ ಮತ್ತೆ ನೀರಿಗಿಳಿಯಬಾರದು.

ಪ್ರಶ್ನೆ: ದೀರ್ಘ ಸವಾರಿಯ ನಂತರ ಮಂಡಿಯ ಮುಂಭಾಗ ನೋಯುತ್ತದೆ. ಸ್ಪರ್ಧೆಯ ದಿನ ಬೆಳಿಗ್ಗೆ ಐಬುಪ್ರೊಫೆನ್ ನೋವುನಿವಾರಕ ಮಾತ್ರೆ ತೆಗೆದುಕೊಂಡು ಹೊರಡಬಹುದೇ?

ಉತ್ತರ: ಬೇಡ. ನೀರು ಕಡಿಮೆಯಾದ ದೇಹದಲ್ಲಿ ಆ ವರ್ಗದ ಔಷಧಿಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು, ಕರುಳಿನ ಒಳಪದರವನ್ನು ಕೆಡಿಸುತ್ತವೆ, ಸೋಡಿಯಂ ಕುಸಿತದ ಅಪಾಯವನ್ನೂ ಹೆಚ್ಚಿಸುತ್ತವೆ. ಮಂಡಿಯ ಮುಂಭಾಗದ ನೋವಿಗೆ ಸೀಟು ತೀರ ತಗ್ಗಾಗಿರುವುದು ಸಾಮಾನ್ಯ ಕಾರಣ. ಹಿಂಭಾಗ ನೋಯುವವರಲ್ಲಿ ಅದು ಎತ್ತರವಾಗಿರುತ್ತದೆ. ಒಮ್ಮೆಗೆ ಐದು ಮಿಲಿಮೀಟರ್‌ಗಿಂತ ಹೆಚ್ಚು ಬದಲಿಸದೆ ಒಂದು ವಾರ ನೋಡಿ. ಇಳಿಯದಿದ್ದರೆ ಫಿಸಿಯೊಥೆರಪಿಸ್ಟರನ್ನು ಕಾಣಿ.

ಪ್ರಶ್ನೆ: ನಾನು ಇಪ್ಪತ್ತೊಂಬತ್ತರ ಮಹಿಳೆ. ತರಬೇತಿ ಹೆಚ್ಚಿಸಿದ ಮೇಲೆ ತೂಕ ಇಳಿದಿದೆ, ನಾಲ್ಕು ತಿಂಗಳಿನಿಂದ ಮುಟ್ಟು ಬಂದಿಲ್ಲ. ಕಠಿಣ ತರಬೇತಿಯಲ್ಲಿ ಇದು ಸಹಜವೆಂದು ಜೊತೆಯವರು ಹೇಳುತ್ತಾರೆ. ನಿಜವೇ?

ಉತ್ತರ: ಇದು ಅನೇಕರಲ್ಲಿ ಕಾಣುತ್ತದೆ, ಆದರೆ ಸಹಜವಲ್ಲ. ನೀವು ತಿನ್ನುತ್ತಿರುವುದರಲ್ಲಿ ತರಬೇತಿಯ ಖರ್ಚು ಕಳೆದರೆ ದೇಹದ ದಿನನಿತ್ಯದ ಕೆಲಸಕ್ಕೆ ಸಾಲುವಷ್ಟು ಉಳಿಯದಿದ್ದಾಗ, ದೇಹ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಮುಟ್ಟೂ ಒಂದು. ಕ್ರೀಡೆಯಲ್ಲಿನ ಈ ಸಾಪೇಕ್ಷ ಶಕ್ತಿ ಕೊರತೆಯನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ವಿವರವಾಗಿ ಗುರುತಿಸಿದೆ. ಗಂಡಸರಲ್ಲೂ ಅದು ಬರುತ್ತದೆ, ಗುರುತಿಸುವುದು ಮಾತ್ರ ತಡವಾಗುತ್ತದೆ. ಈಸ್ಟ್ರೋಜನ್ ಇಳಿದು ಮೂಳೆ ತೆಳುವಾಗುವುದರಿಂದ, ಓಟದ ಪ್ರಮಾಣ ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ಕಾಲಿನ ಮೂಳೆಗಳು ಸಣ್ಣಗೆ ಬಿರುಕು ಬಿಡುವ ಸಾಧ್ಯತೆ ನಿಮಗೆ ಹೆಚ್ಚು. ಈ ವಾರವೇ ಸ್ತ್ರೀರೋಗ ತಜ್ಞರನ್ನು ಕಂಡು ಗರ್ಭಧಾರಣೆ, ಥೈರಾಯ್ಡ್ ಮುಂತಾದ ಇತರ ಕಾರಣಗಳನ್ನು ಪರೀಕ್ಷೆಯಿಂದ ಬದಿಗಿರಿಸಿಕೊಳ್ಳಿ; ಮೂಳೆ ಸಾಂದ್ರತೆಯ ಪರೀಕ್ಷೆ ಬೇಕೇ ಎಂದೂ ಕೇಳಿ. ತರಬೇತಿಯ ಮೊದಲು, ನಡುವೆ ಮತ್ತು ಮುಗಿದ ಅರ್ಧ ಗಂಟೆಯೊಳಗೆ ತಿನ್ನುವುದನ್ನು ಇಂದಿನಿಂದಲೇ ಆರಂಭಿಸಿ. ಮುಟ್ಟನ್ನು ಮರಳಿ ತರಿಸಲೆಂದು ಗರ್ಭನಿರೋಧಕ ಮಾತ್ರೆ ನುಂಗಿದರೆ ರಕ್ತಸ್ರಾವ ಕಾಣಿಸಿಕೊಳ್ಳಬಹುದು, ಆದರೆ ಶಕ್ತಿಯ ಕೊರತೆ ಹಾಗೇ ಉಳಿದು ಕಣ್ಣಿಗೆ ಮರೆಯಾಗುತ್ತದೆ. ವೈದ್ಯರ ಒಪ್ಪಿಗೆ ಸಿಗುವವರೆಗೆ ದೀರ್ಘ ಓಟಗಳನ್ನೂ ತೀವ್ರ ವೇಗದ ಅಭ್ಯಾಸವನ್ನೂ ಕೈಬಿಟ್ಟು, ಹಗುರ ಈಜು ಮತ್ತು ಸೈಕ್ಲಿಂಗ್‌ಗೆ ಸೀಮಿತವಾಗಿರಿ, ಮತ್ತು ಈ ಬದಲಾವಣೆಯ ಕಾರಣವನ್ನು ನಿಮ್ಮ ತರಬೇತುದಾರರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ.