ಡಿಎಂಎ ಬಫರಿನಲ್ಲಿ ಮೊದಲು ಸೊನ್ನೆ, ಆಮೇಲೆ ಹಳೆಯ ಅಳತೆ: ಸಿಂಧನೂರಿನ ಗೆಳೆಯರಿಗೆ ಉತ್ತರ

ಸಿಂಧನೂರಿನ ಗೆಳೆಯರೇ, ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ಓದಿದೆ. ಅವಸರದಲ್ಲಿ ಬರೆಯಬಾರದೆಂದು ಇವತ್ತು ಕುಳಿತು ಬರೆಯುತ್ತಿದ್ದೇನೆ. ಪಂಪಿನ ಮೋಟಾರಿನ ಕರೆಂಟನ್ನು ಎಸ್‌ಟಿಎಂ32ಎಚ್743 ಮೈಕ್ರೊಕಂಟ್ರೋಲರ್ ಬೋರ್ಡಿನ ಎಡಿಸಿಯಿಂದ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಅಳೆಯುತ್ತಿದ್ದೀರಿ. ಪ್ರೊಸೆಸರಿನ ನೆರವಿಲ್ಲದೆ ಅಂಕಿಗಳನ್ನು ಮೆಮೊರಿಗೆ ಸಾಗಿಸುವ ಘಟಕವಾದ ಡಿಎಂಎ ಮೂಲಕ ಬಫರ್ (ಅಳತೆಗಳನ್ನು ಕೂಡಿಡುವ ಮೆಮೊರಿಯ ಜಾಗ) ತುಂಬಿಸಲು ಹೊರಟಾಗ ಮೊದಲು ಬರೀ ಸೊನ್ನೆಗಳು ಕಂಡವು. ಬಫರಿನ ಜಾಗ ಬದಲಿಸಿದ ಮೇಲೆ ಅಂಕಿಗಳು ಬಂದವು, ಆದರೆ ನಡುನಡುವೆ ಹಳೆಯವೇ ಇಣುಕುತ್ತಿವೆ. ಇದಕ್ಕೆ ಗುಂಪಿನಲ್ಲಿ ಎರಡು ಸಲಹೆಗಳು ಬಂದಿವೆ: ಬಫರನ್ನು ವೊಲಟೈಲ್ ಎಂದು ಘೋಷಿಸಿ, ಇಲ್ಲವೇ ಡೇಟಾ ಕ್ಯಾಶನ್ನೇ (ಓದಿದ್ದರ ಪ್ರತಿಯನ್ನು ಪ್ರೊಸೆಸರ್ ತನ್ನ ಬಳಿ ಇಟ್ಟುಕೊಳ್ಳುವ ಚಿಕ್ಕ, ವೇಗದ ಮೆಮೊರಿ) ಬಂದ್ ಮಾಡಿ.

ವೊಲಟೈಲ್ ಇಲ್ಲಿ ನೆರವಿಗೆ ಬರುವುದಿಲ್ಲ. ಅದು ಈ ವೇರಿಯಬಲನ್ನು ಪ್ರತಿ ಸಲ ಮೆಮೊರಿಯಿಂದಲೇ ಓದು ಎಂದು ಕಂಪೈಲರಿಗೆ ಹೇಳುವ ಮಾತು. ಪ್ರೊಸೆಸರಿನ ಒಳಗಿರುವ ಕ್ಯಾಶಿಗೆ ಆ ಮಾತು ಕೇಳಿಸುವುದೇ ಇಲ್ಲ. ಕ್ಯಾಶ್ ಬಂದ್ ಮಾಡಿದರೆ ಹಳೆಯ ಅಂಕಿಗಳು ನಿಲ್ಲುತ್ತವೆ ನಿಜ, ಆದರೆ 480 ಮೆಗಾಹರ್ಟ್ಸ್ ಪ್ರೊಸೆಸರನ್ನು ಕೊಂಡು ತಂದು ಅದರ ಕಾಲು ಕಟ್ಟಿದಂತಾಗುತ್ತದೆ. ನಿಮಗೆ ಬಂದಿರುವುದು ಎರಡು ಬೇರೆ ಬೇರೆ ರೋಗ. ಸೊನ್ನೆಗಳ ಕಾರಣ ಒಂದು, ಹಳೆಯ ಅಂಕಿಗಳ ಕಾರಣ ಇನ್ನೊಂದು.

ಸೊನ್ನೆಗಳ ವಿಷಯ ಮೊದಲು. ನೀವು ಹಾಕಿದ ಚಿತ್ರದಲ್ಲಿ ಬಫರಿನ ವಿಳಾಸದ ಮೊದಲ ನಾಲ್ಕು ಹೆಕ್ಸ್ ಅಂಕಿಗಳು 2000. ಈ ಚಿಪ್ಪಿನಲ್ಲಿ ಹೆಕ್ಸ್ 20000000ರಿಂದ ಮುಂದಿನ 128 ಕೆಬಿ ಡಿಟಿಸಿಎಂ. ಅದು ಪ್ರೊಸೆಸರಿಗೆ ಅಂಟಿಕೊಂಡೇ ಇರುವ, ಬಹಳ ವೇಗದ ಮೆಮೊರಿ. ಡಿಎಂಎ1 ಮತ್ತು ಡಿಎಂಎ2ರಿಂದ ಅಲ್ಲಿಗೆ ದಾರಿಯೇ ಇಲ್ಲ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ತುಂಗಭದ್ರೆಯ ಎಡದಂಡೆ ಕಾಲುವೆಯ ತೂಬನ್ನು ಎಷ್ಟು ತೆರೆದರೂ ಸಿರುಗುಪ್ಪದ ಗದ್ದೆಗೆ ನೀರು ಹೋಗುವುದಿಲ್ಲ. ಅದು ಬಲದಂಡೆಯ ಕಡೆ, ನಡುವೆ ಹೊಳೆ ಇದೆ. ವಿಳಾಸ ಸರಿಯಾಗಿದ್ದರೆ ಸಾಲದು, ಆ ವಿಳಾಸಕ್ಕೆ ಈ ಡಿಎಂಎಯಿಂದ ಬಸ್ (ಚಿಪ್ಪಿನೊಳಗೆ ದತ್ತಾಂಶ ಸಾಗುವ ತಂತಿ) ಸಂಪರ್ಕವೂ ಇರಬೇಕು. ಪ್ರೋಗ್ರಾಂ ಶುರುವಾಗುವಾಗ ಸೊನ್ನೆಯಾಗಿದ್ದ ಬಫರನ್ನು ಯಾರೂ ಮುಟ್ಟಲಿಲ್ಲ, ಅದಕ್ಕೇ ಸೊನ್ನೆಗಳು ಹಾಗೆಯೇ ಉಳಿದವು. ಡಿಎಂಎಯ ಸ್ಥಿತಿ ರಿಜಿಸ್ಟರಿನಲ್ಲಿ ವರ್ಗಾವಣೆ ದೋಷದ ಬಿಟ್ ಇದೆ. ಅದನ್ನು ಓದುವ ಅಭ್ಯಾಸವನ್ನು ಇವತ್ತಿನಿಂದಲೇ ಮಾಡಿಕೊಳ್ಳಿ. ವರ್ಗಾವಣೆ ಮುಗಿಯಿತೆಂದು ಪ್ರೊಸೆಸರನ್ನು ಕರೆಯುವ ಇಂಟರಪ್ಟಿಗೆ ಮಾತ್ರ ಕಾಯುತ್ತಾ ದೋಷದ ಇಂಟರಪ್ಟನ್ನು ಕಡೆಗಣಿಸಿದ ಡ್ರೈವರ್ (ಸಾಧನವನ್ನು ನಡೆಸುವ ಕೋಡ್) ಅರ್ಧ ಬರೆದ ಡ್ರೈವರ್.

ಈ ಚಿಪ್ಪಿನ ಮೆಮೊರಿ ಒಂದೇ ಬಯಲಲ್ಲ, ತುಂಡು ತುಂಡು ಹೊಲ. ಮುಂದಿನ ಅಂಕಿಗಳು ಆ ತುಂಡುಗಳ ಹೆಕ್ಸ್ ವಿಳಾಸ, ಎಸ್‌ರ‍್ಯಾಮ್ ಎಂಬುವು ಅವುಗಳ ಹೆಸರು. 24000000ರಲ್ಲಿ 512 ಕೆಬಿ ಎಎಕ್ಸ್‌ಐ ಎಸ್‌ರ‍್ಯಾಮ್. ಡಿಎಂಎ1, ಡಿಎಂಎ2 ಎರಡೂ ಅಲ್ಲಿಗೆ ತಲುಪುತ್ತವೆ. 30000000ರಿಂದ ಎಸ್‌ರ‍್ಯಾಮ್1 ಮತ್ತು 2, ತಲಾ 128 ಕೆಬಿ. 30040000ದಲ್ಲಿ ಎಸ್‌ರ‍್ಯಾಮ್3, 32 ಕೆಬಿ. ಇವು ಡಿಎಂಎ1 ಮತ್ತು 2 ಇರುವ ಡಿ2 ಎಂಬ, ಚಿಪ್ಪಿನೊಳಗಿನ ವಲಯದಲ್ಲಿಯೇ ಇವೆ, ಆದ್ದರಿಂದ ದಾರಿ ಹತ್ತಿರ. ಆದರೆ ರಿಸೆಟ್ ಆದಾಗ ಇವುಗಳ ಕ್ಲಾಕ್ ಬಂದ್ ಇರುತ್ತದೆ. ಆರ್‌ಸಿಸಿ ಎಂಬ ಕ್ಲಾಕ್ ನಿಯಂತ್ರಣದ ರಿಜಿಸ್ಟರಿನಲ್ಲಿ ಅದನ್ನು ಚಾಲೂ ಮಾಡಿಯೇ ಮುಟ್ಟಬೇಕು. 38000000ದಲ್ಲಿ ಎಸ್‌ರ‍್ಯಾಮ್4, 64 ಕೆಬಿ, ಡಿ3 ವಲಯ. ಎಸ್‌ಪಿಐ6, ಎಲ್‌ಪಿ ಯುಆರ್ಟ್1 ಈ ಸೀರಿಯಲ್ ಪೋರ್ಟುಗಳ ಕೆಲಸ ಮಾಡುವ ಬಿಡಿಎಂಎ ಎಂಬ ಇನ್ನೊಂದು ಡಿಎಂಎ ತನ್ನ ಡಿ3 ವಲಯವನ್ನು ದಾಟಿ ಆಚೆ ಹೋಗುವುದಿಲ್ಲ. ನಾಳೆ ನೀವು ಎಸ್‌ಪಿಐ6ಕ್ಕೆ ಏನಾದರೂ ಜೋಡಿಸಿ ಬಫರನ್ನು ಡಿ3 ವಲಯದ ಹೊರಗಿಟ್ಟರೆ ಇದೇ ಸೊನ್ನೆಗಳು ಮತ್ತೆ ಬರುತ್ತವೆ, ನೆನಪಿರಲಿ. ಡಿಟಿಸಿಎಂಗೆ ಹೋಗಿ ಬರಬಲ್ಲದ್ದು ಎಂಡಿಎಂಎ ಎಂಬ ಮತ್ತೊಂದು ಡಿಎಂಎ ಒಂದೇ.

ನನ್ನ ಸಲಹೆ: ಯಾವ ವೇರಿಯಬಲ್ ಯಾವ ವಿಳಾಸದಲ್ಲಿ ಕೂರಬೇಕೆಂದು ಹೇಳುವ ಲಿಂಕರ್ ಕಡತದಲ್ಲಿ ಎಸ್‌ರ‍್ಯಾಮ್3ಕ್ಕೆ ಪ್ರತ್ಯೇಕ ವಿಭಾಗವೊಂದನ್ನು ಮಾಡಿ, ಡಿಎಂಎ1, ಡಿಎಂಎ2ರ ಬಫರುಗಳನ್ನೆಲ್ಲ ಅಲ್ಲಿಯೇ ಇಡಿ. ಕಂಪೈಲ್ ಆದ ಮೇಲೆ ಮ್ಯಾಪ್ ಕಡತ ತೆರೆದು ಬಫರಿನ ವಿಳಾಸವನ್ನು ಕಣ್ಣಾರೆ ನೋಡಿ. ಹೀಗೆ ಸೇರಿಸಿದ ವಿಭಾಗವನ್ನು ಆರಂಭಿಕ ಕೋಡ್ ತಾನಾಗಿ ಸೊನ್ನೆ ಮಾಡುವುದಿಲ್ಲ, ಅದನ್ನು ನೀವೇ ಮಾಡಬೇಕು.

ಈಗ ಹಳೆಯ ಅಂಕಿಗಳು. ಇದರ ಬಗ್ಗೆ ನಾನು ಬಿಡಿಸಿಯೇ ಬರೆಯುತ್ತೇನೆ, ಏಕೆಂದರೆ ಇದು ನನ್ನನ್ನು ಒಂದು ಸುಗ್ಗಿಯ ಪೂರ್ತಿ ಕಾಡಿದೆ. ಕಾರಟಗಿಯ ಕಡೆ ಒಂದು ಅಕ್ಕಿ ಗಿರಣಿಯಲ್ಲಿ ಎಲಿವೇಟರಿನ ಮೋಟಾರಿಗೆ ಇಂಥದ್ದೇ ಅಳತೆಪೆಟ್ಟಿಗೆ ಮಾಡಿಕೊಟ್ಟಿದ್ದೆ. ಸೆಕೆಂಡಿಗೆ 6400 ಅಳತೆ, ಅಂದರೆ 50 ಹರ್ಟ್ಸ್‌ನ ಒಂದು ಅಲೆಗೆ 128 ಬಿಂದು. ಲ್ಯಾಪ್‌ಟಾಪಿನ ಮೇಲೆ ಅಲೆ ನುಣುಪಾಗಿ ಕಾಣುತ್ತಿತ್ತು. ಒಂದು ದಿನ ಹೊಟ್ಟಿನ ಧೂಳಿನ ನಡುವೆ ಪರದೆ ಒರೆಸಿಕೊಂಡು ನೋಡುತ್ತಿದ್ದಾಗ ಭತ್ತ ಹಾಕುವುದನ್ನು ನಿಲ್ಲಿಸಿದರು. ಮೋಟಾರಿನ ಭಾರ ಇಳಿಯಿತು, ಅಲೆಯೂ ಕುಗ್ಗಿತು. ಆದರೆ ಅಲೆಯ ಒಂದು ತುಂಡು ಮಾತ್ರ ಕುಗ್ಗಲಿಲ್ಲ. ಭಾರವಿದ್ದಾಗಿನ ಎತ್ತರದಲ್ಲೇ ಮೆಟ್ಟಿಲಿನಂತೆ ನಿಂತಿತ್ತು. ಎಣಿಸಿದೆ: ಸರಿಯಾಗಿ 16 ಬಿಂದುಗಳು. ಒಂದು ಅಳತೆಗೆ 2 ಬೈಟ್, 16 ಅಳತೆಗೆ 32 ಬೈಟ್. ಈ ಚಿಪ್ಪಿನ ಪ್ರೊಸೆಸರಾದ ಕಾರ್ಟೆಕ್ಸ್ ಎಂ7ರ ಕ್ಯಾಶ್ ಸಾಲಿನ (ಕ್ಯಾಶ್ ಒಂದೇ ಸಲಕ್ಕೆ ಎತ್ತಿಡುವ ತುಂಡಿನ) ಉದ್ದವೂ 32 ಬೈಟ್. ಆ ಲೆಕ್ಕ ಕೂಡಿ ಬಂದ ಕ್ಷಣ ನನಗೆ ಇವತ್ತಿಗೂ ನೆನಪಿದೆ.

ಆಗುತ್ತಿದ್ದುದು ಇಷ್ಟೇ. ಪ್ರೊಸೆಸರ್ ಒಮ್ಮೆ ಓದಿದ ಸಾಲನ್ನು ಕ್ಯಾಶಿನಲ್ಲಿ ಇಟ್ಟುಕೊಳ್ಳುತ್ತದೆ. ಡಿಎಂಎ ಹೊಸ ಅಳತೆಗಳನ್ನು ನೇರವಾಗಿ ಮೆಮೊರಿಗೆ ಬರೆಯುತ್ತದೆ, ಕ್ಯಾಶಿಗೆ ಸುದ್ದಿ ಮುಟ್ಟಿಸುವುದಿಲ್ಲ. ಗಿರಣಿಯಲ್ಲಿ ಹಮಾಲರು ಲಾರಿಯಿಂದ ನೇರವಾಗಿ ಗೋದಾಮಿಗೆ ಚೀಲ ಇಳಿಸುತ್ತಾರೆ. ಗುಮಾಸ್ತ ತನ್ನ ಜೇಬಿನ ಪುಸ್ತಕ ನೋಡಿಕೊಂಡು ಬೆಳಗಿನ ಲೆಕ್ಕವನ್ನೇ ಹೇಳುತ್ತಾನೆ. ಬಫರಿನ ಉಳಿದ ಸಾಲುಗಳು ಬೇರೆ ಲೆಕ್ಕಾಚಾರದ ಒತ್ತಡಕ್ಕೆ ಕ್ಯಾಶಿನಿಂದ ಹೊರಬೀಳುತ್ತಿದ್ದವು, ಒಂದು ಮಾತ್ರ ಉಳಿದುಕೊಳ್ಳುತ್ತಿತ್ತು. ಭಾರ ಬದಲಾಗದಿದ್ದಾಗ ಹಳೆಯ ತುಂಡೂ ಹೊಸದರಂತೆಯೇ ಇರುತ್ತಿದ್ದುದರಿಂದ ತಪ್ಪು ಅಷ್ಟು ದಿನ ಅಡಗಿತ್ತು. ಹುಡುಕಲೆಂದು ಸೀರಿಯಲ್ ಪೋರ್ಟಿಗೆ ಅಂಕಿಗಳನ್ನು ಮುದ್ರಿಸುವ ಸಾಲುಗಳನ್ನು ಸೇರಿಸಿದೆ, ತಪ್ಪು ಮಾಯವಾಯಿತು. ಮುದ್ರಣದ ಕೆಲಸವೇ ಆ ಸಾಲನ್ನು ಹೊರತಳ್ಳುತ್ತಿತ್ತು. ಮುದ್ರಿಸಿದಾಗ ಮಾಯವಾಗುವ ತಪ್ಪು ಕಂಡರೆ ಮೊದಲು ಕ್ಯಾಶನ್ನು ಅನುಮಾನಿಸಿ.

ಪರಿಹಾರದ ಬೇರು ಒಂದೇ: ಯಾವುದೇ ಕ್ಷಣದಲ್ಲಿ ಬಫರ್ ಒಬ್ಬರ ವಶದಲ್ಲಿರಬೇಕು, ಪ್ರೊಸೆಸರಿನದು ಅಥವಾ ಡಿಎಂಎಯದು. ವಶ ಕೈ ಬದಲಾಗುವಾಗಲೆಲ್ಲ ಡ್ರೈವರ್ ಲೆಕ್ಕ ಚುಕ್ತಾ ಮಾಡಬೇಕು. ಪ್ರೊಸೆಸರ್ ಬರೆದದ್ದನ್ನು ಸಾಧನಕ್ಕೆ ಕಳಿಸುವಾಗ ಡಿಎಂಎ ಶುರುವಾಗುವ ಮೊದಲು ಕ್ಯಾಶನ್ನು ಕ್ಲೀನ್ ಮಾಡಿ, ಅಂದರೆ ಕ್ಯಾಶಿನಲ್ಲಿ ಇರುವುದನ್ನು ಮೆಮೊರಿಗೆ ಇಳಿಸಿ. ಸಾಧನದಿಂದ ಬಂದದ್ದನ್ನು ಓದುವಾಗ, ಡಿಎಂಎ ಮುಗಿದ ಮೇಲೆ, ಇನ್‌ವ್ಯಾಲಿಡೇಟ್ ಮಾಡಿ, ಅಂದರೆ ಕ್ಯಾಶಿನ ಪ್ರತಿಯನ್ನು ಎಸೆಯಿರಿ. ಓದುವ ಬಫರಿಗೆ ಡಿಎಂಎ ಶುರುವಾಗುವ ಮೊದಲೂ ಒಮ್ಮೆ ಇನ್‌ವ್ಯಾಲಿಡೇಟ್ ಬೇಕು. ಇಲ್ಲದಿದ್ದರೆ ಹಿಂದೆ ಬರೆದು ಕ್ಯಾಶಿನಲ್ಲಿಯೇ ಉಳಿದ ಸಾಲು ನಡುವೆ ಮೆಮೊರಿಗೆ ಇಳಿದು, ಡಿಎಂಎ ತಂದ ಹೊಸ ಅಳತೆಯನ್ನೇ ಅಳಿಸುತ್ತದೆ. ಮುಗಿದ ಮೇಲಿನದೂ ಬೇಕೇ ಬೇಕು, ಏಕೆಂದರೆ ಎಂ7 ಮುಂದಾಲೋಚನೆಯಿಂದ ತಾನಾಗಿಯೇ ಕೆಲವು ಸಾಲುಗಳನ್ನು ಓದಿಟ್ಟುಕೊಳ್ಳಬಲ್ಲದು.

ಇಲ್ಲಿ ಇನ್ನೊಂದು ಗುಂಡಿ ಇದೆ, ನಾನು ಅದರಲ್ಲೂ ಬಿದ್ದಿದ್ದೇನೆ. ಇನ್‌ವ್ಯಾಲಿಡೇಟ್ ಸೇರಿಸಿದ ಮೇಲೆ ಅಲೆ ಸರಿಯಾಯಿತು, ಆದರೆ ಚೀಲಗಳ ಎಣಿಕೆ 412 ತೋರಿಸುತ್ತಿದ್ದದ್ದು ಇದ್ದಕ್ಕಿದ್ದಂತೆ 409ಕ್ಕೆ ಹಿಂದೆ ಸರಿಯಿತು. ಎಣಿಕೆಯ ವೇರಿಯಬಲ್ ಬಫರಿನ ಕೊನೆಯ 32 ಬೈಟಿನ ಸಾಲಿನಲ್ಲಿಯೇ ಕುಳಿತಿತ್ತು. ಬಫರಿಗೆಂದು ಸಾಲನ್ನು ಎಸೆದಾಗ ಇನ್ನೂ ಮೆಮೊರಿಗೆ ಇಳಿಯದ ಎಣಿಕೆಯೂ ಅದರ ಜೊತೆ ಹೋಯಿತು. ಆದ್ದರಿಂದ ಬಫರಿನ ಆರಂಭ 32ರ ಗಡಿಯಲ್ಲಿರಬೇಕು, ಉದ್ದವೂ 32ರ ಗುಣಕವಾಗಿರಬೇಕು. ನೀವು ಸುತ್ತುವ ಬಫರನ್ನು ಅರ್ಧರ್ಧ ಓದುತ್ತಿದ್ದೀರಿ. ಹಾಗಾದರೆ ಪ್ರತಿ ಅರ್ಧಕ್ಕೂ ಇದೇ ನಿಯಮ. 128 ಅಳತೆಯ ಅರ್ಧ ಎಂದರೆ 256 ಬೈಟ್, 8 ಸಾಲು, ಚೊಕ್ಕವಾಗಿ ಕೂರುತ್ತದೆ. 100 ಅಳತೆ ಇಟ್ಟರೆ 200 ಬೈಟ್, ನಡುವಿನ ಸಾಲು ಎರಡೂ ಕಡೆ ಹಂಚಿಹೋಗುತ್ತದೆ, ಅಲ್ಲಿ ಜಗಳ ಖಚಿತ.

ಇಷ್ಟೆಲ್ಲ ಕಟ್ಟುನಿಟ್ಟು ಬೇಡ ಎನ್ನುವವರಿಗೆ ಒಂದು ಸಭ್ಯ ದಾರಿ ಇದೆ. ಎಂಪಿಯು, ಅಂದರೆ ಮೆಮೊರಿಯ ಪ್ರದೇಶಗಳಿಗೆ ನಿಯಮ ಹಾಕುವ ಘಟಕ, ಬಳಸಿ ಎಸ್‌ರ‍್ಯಾಮ್3ನ್ನು ಮಾತ್ರ ಕ್ಯಾಶ್ ಆಗದ ಪ್ರದೇಶವೆಂದು ಗುರುತಿಸಿ. ಎಂಪಿಯು ಪ್ರದೇಶದ ಗಾತ್ರ ಎರಡರ ಘಾತವಾಗಿರಬೇಕು, ಆರಂಭ ಅದೇ ಗಾತ್ರದ ಗಡಿಯಲ್ಲಿರಬೇಕು. 30040000ದ 32 ಕೆಬಿ ಎರಡಕ್ಕೂ ಸರಿಹೊಂದುತ್ತದೆ, ನಾನು ಎಸ್‌ರ‍್ಯಾಮ್3ನ್ನು ಆರಿಸಿದ್ದು ಅದಕ್ಕೇ. ಉಳಿದ ಮೆಮೊರಿಗೆಲ್ಲ ಕ್ಯಾಶಿನ ವೇಗ ಹಾಗೆಯೇ ಉಳಿಯುತ್ತದೆ. ನಿಮ್ಮ ಎರಡು ಅರ್ಧ ಸೇರಿ 512 ಬೈಟಿನ ಬಫರಿಗೆ ಇದೇ ಸಾಕು. ಕ್ಯಾಮೆರಾದಂಥ ದೊಡ್ಡ ದತ್ತಾಂಶವನ್ನು ಮತ್ತೆ ಮತ್ತೆ ಓದಿ ಲೆಕ್ಕ ಹಾಕುವಾಗ ಮಾತ್ರ ಕ್ಲೀನ್, ಇನ್‌ವ್ಯಾಲಿಡೇಟ್ ದಾರಿ ಹಿಡಿಯಿರಿ. ಬರ್ಸ್ಟ್ (ಒಂದೇ ಬೀಸಿಗೆ ಹಲವು ಅಂಕಿ ಸಾಗಿಸುವುದು) ಬಳಸಿದರೆ ಒಂದು ಬರ್ಸ್ಟ್ 1 ಕೆಬಿ ವಿಳಾಸದ ಗಡಿ ದಾಟದಂತೆಯೂ ನೋಡಿಕೊಳ್ಳಿ.

ಬಳ್ಳಾರಿಯ ಸದಸ್ಯರೊಬ್ಬರು, ರಾಸ್ಪ್‌ಬೆರಿ ಪೈ 4ರಲ್ಲಿ ಲಿನಕ್ಸ್ ಡ್ರೈವರ್ ಬರೆಯುವಾಗಲೂ ಇದೇ ಗೋಳೇ ಎಂದು ಕೇಳಿದ್ದಾರೆ. ಗೋಳು ಅದೇ, ಆದರೆ ಲೆಕ್ಕ ಚುಕ್ತಾ ಮಾಡುವ ಕೆಲಸವನ್ನು ಲಿನಕ್ಸಿನ ತಿರುಳಾದ ಕರ್ನಲ್ ವಹಿಸಿಕೊಂಡಿದೆ. ಡಿಎಂಎ ಮ್ಯಾಪ್ ಸಿಂಗಲ್ ಕರೆದಾಗ ಬಫರ್ ಸಾಧನದ ವಶಕ್ಕೆ ಹೋಗುತ್ತದೆ, ಅನ್‌ಮ್ಯಾಪ್ ಮಾಡಿದಾಗ ಪ್ರೊಸೆಸರಿಗೆ ಮರಳುತ್ತದೆ. ದಿಕ್ಕನ್ನು ಸರಿಯಾಗಿ ಹೇಳಿದರೆ ಬೇಕಾದ ಕ್ಯಾಶ್ ಕೆಲಸವನ್ನು ಅದೇ ಮಾಡುತ್ತದೆ. ಮ್ಯಾಪ್ ಹಿಂತಿರುಗಿಸುವ ಸಂಖ್ಯೆ ಸಾಧನಕ್ಕೆ ಕೊಡಬೇಕಾದ ವಿಳಾಸ. ಅದನ್ನು ಭೌತಿಕ ವಿಳಾಸವೆಂದು ಭಾವಿಸಬೇಡಿ, ನಡುವೆ ಸಾಧನದ ವಿಳಾಸವನ್ನು ಭೌತಿಕ ವಿಳಾಸಕ್ಕೆ ಬದಲಿಸುವ ಐಒಎಂಎಂಯು ಇದ್ದರೆ ಎರಡೂ ಬೇರೆಯೇ ಆಗಿರುತ್ತವೆ. ಚದುರಿದ ಪುಟಗಳನ್ನು ಜೋಡಿಸಿ ಕೊಡುವ (vmalloc) ವಿಮ್ಯಾಲಕ್‌ನಿಂದ ಪಡೆದ ಮೆಮೊರಿಯನ್ನಾಗಲಿ ಸ್ಟ್ಯಾಕಿನಲ್ಲಿರುವ ಬಫರನ್ನಾಗಲಿ ಹೀಗೆ ಮ್ಯಾಪ್ ಮಾಡಬಾರದು. ಸಾಧನದ ಕೈ ಎಷ್ಟು ವಿಳಾಸದವರೆಗೆ ಚಾಚುತ್ತದೆ ಎಂಬುದನ್ನು ಡಿಎಂಎ ಮಾಸ್ಕ್ ಮೂಲಕ ಮೊದಲೇ ಹೇಳಬೇಕು. ಪೈ 4ರ ಹಳೆಯ ಮಾದರಿಯ ಡಿಎಂಎ ಚಾನೆಲ್‌ಗಳು ಮೊದಲ 1 ಜಿಬಿ ದಾಟಲಾರವು. ಬಫರ್ ಅದರಾಚೆ ಬಿದ್ದರೆ ಕರ್ನಲ್ ಕೆಳಗಿನ ಮೆಮೊರಿಯಲ್ಲಿ ತಾತ್ಕಾಲಿಕ ಬಫರೊಂದನ್ನಿಟ್ಟು ನಕಲು ಮಾಡಿಕೊಡುತ್ತದೆ. ಕೆಲಸ ಆಗುತ್ತದೆ, ವೇಗ ತಗ್ಗುತ್ತದೆ. ಇದೇನು ಹೊಸ ಕಷ್ಟವಲ್ಲ. ಹಳೆಯ ಪಿಸಿಗಳ ಐಎಸ್‌ಎ ಡಿಎಂಎ ಮೊದಲ 16 ಎಂಬಿಯೊಳಗೇ ಇರಬೇಕಿತ್ತು, 8 ಬಿಟ್ ವರ್ಗಾವಣೆ 64 ಕೆಬಿ ಗಡಿಯನ್ನು ದಾಟುವಂತಿರಲಿಲ್ಲ. ಡ್ರೈವರ್ ಬರೆಯುವಾಗ ಕರ್ನಲ್ಲಿನಲ್ಲಿ ಡಿಎಂಎ ಎಪಿಐ ಡಿಬಗ್ ಆಯ್ಕೆಯನ್ನು ಚಾಲೂ ಇಟ್ಟುಕೊಳ್ಳಿ, ಅನ್‌ಮ್ಯಾಪ್ ಮರೆತರೆ, ದಿಕ್ಕು ತಪ್ಪಿದರೆ ಅದೇ ಎಚ್ಚರಿಸುತ್ತದೆ.

ಸಿಂಧನೂರಿನವರೇ, ಈಗಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ನಿಮ್ಮ ಎಡಿಸಿ 12 ಬಿಟ್‌ನಲ್ಲಿದೆ, ಅಂದರೆ ಅಳತೆ 4095 ದಾಟುವುದಿಲ್ಲ. ಬಫರಿನ ತುಂಬ ಹೆಕ್ಸ್ ಎ5ಎ5 ಬರೆದು ಕ್ಲೀನ್ ಮಾಡಿ. ಈಗಿನ ನಿಮ್ಮ ಕೋಡನ್ನೇ, ಏನನ್ನೂ ಬದಲಿಸದೆ, ಒಂದು ಸುತ್ತು ಓಡಿಸಿ ಬಫರನ್ನು ಓದಿ. ಆಮೇಲೆ ಇನ್‌ವ್ಯಾಲಿಡೇಟ್ ಮಾಡಿ ಮತ್ತೊಮ್ಮೆ ಓದಿ. ಎರಡೂ ಸಲ ಎ5ಎ5 ಉಳಿದಿದ್ದರೆ ಡಿಎಂಎ ಅಲ್ಲಿಗೆ ತಲುಪಿಯೇ ಇಲ್ಲ. ವಲಯ, ಕ್ಲಾಕ್, ದೋಷದ ಬಿಟ್ ನೋಡಿ. ಮೊದಲ ಸಲ ಉಳಿದು ಎರಡನೆಯ ಸಲ ಅಳತೆ ಬಂದರೆ ಕ್ಯಾಶಿನದೇ ತಪ್ಪು. ಎರಡು ಸಲ ಕಂಡದ್ದನ್ನೂ ಮ್ಯಾಪ್ ಕಡತದಲ್ಲಿ ಬಫರ್ ಇರುವ ಸಾಲನ್ನೂ ಇಲ್ಲಿ ಹಾಕಿ, ಸಂಜೆ ಗಿರಣಿಯಿಂದ ಬಂದ ಮೇಲೆ ನೋಡುತ್ತೇನೆ.