ಮೂರು ಉತ್ತರ, ಮೂರೂ ಸರಿ

ಡೊಂಬಿವಲಿಯ ಓದುಗರೊಬ್ಬರು ಬರೆಯುತ್ತಾರೆ: ‘ಮಗಳು ಹನ್ನೆರಡನೆಯ ತರಗತಿ, ವಿಜ್ಞಾನ ವಿಭಾಗ. ಗಣಿತದ ಪೇಪರ್ ಬಹಳ ಕಷ್ಟವಿತ್ತಂತೆ. ಠಾಣೆಯಿಂದ ಬರುವಾಗ ಲೋಕಲ್‌ನಲ್ಲಿ ಗೆಳತಿಯರೊಂದಿಗೆ ಉತ್ತರ ತಾಳೆ ನೋಡಿದ್ದಾಳೆ. ಕ್ಯಾಲ್ಕುಲಸ್‌ನ ಒಂದು ಲೆಕ್ಕಕ್ಕೆ ಮೂವರದೂ ಬೇರೆ ಬೇರೆ ಉತ್ತರ. ಮನೆಗೆ ಬಂದವಳು ಊಟಕ್ಕೂ ಏಳಲಿಲ್ಲ. ಇನ್ನೂ ಪೇಪರ್‌ಗಳಿವೆ. ಹೀಗೆ ಉತ್ತರ ಹೋಲಿಸುವ ಚಾಳಿಯನ್ನು ಬಿಡಬೇಕೆಂದು ನೀವಾದರೂ ಮಕ್ಕಳಿಗೆ ಹೇಳಿ.’

ಸಂಪಾದಕರ ಉತ್ತರ:

ನಿಮ್ಮ ಮಗಳ ಉತ್ತರ ಸರಿಯಾಗಿದೆ. ಮೊದಲು ಇದನ್ನು ಅವಳಿಗೆ ಹೇಳಿ, ಮಿಕ್ಕದ್ದನ್ನು ಆಮೇಲೆ ಓದಿದರಾಯಿತು. ಗೆಳತಿಯರಿಬ್ಬರ ಉತ್ತರವೂ ಸರಿ.

ಗಣಿತ ನನ್ನ ವಿಷಯವಲ್ಲ ಎನ್ನುತ್ತಲೇ ನೀವು ಮೂರು ಉತ್ತರಗಳನ್ನೂ ಅಚ್ಚುಕಟ್ಟಾಗಿ ನಕಲು ಮಾಡಿ ಕಳಿಸಿದ್ದೀರಿ. ಅದರಿಂದ ಬಹಳ ಉಪಕಾರವಾಯಿತು. ಪ್ರಶ್ನೆ ಇದ್ದದ್ದು ಸೈನ್ ಎಕ್ಸ್ ಮತ್ತು ಕಾಸ್ ಎಕ್ಸ್‌ಗಳ ಗುಣಲಬ್ಧವನ್ನು ಅನುಕಲಿಸಿ, ಅಂದರೆ ಇಂಟಿಗ್ರೇಟ್ ಮಾಡಿ, ಎಂದು. ನಿಮ್ಮ ಮಗಳು ಸೈನ್ ವರ್ಗದ ಅರ್ಧ ಎಂದು ಬರೆದಿದ್ದಾಳೆ. ಒಬ್ಬ ಗೆಳತಿ ಕಾಸ್ ವರ್ಗದ ಅರ್ಧ, ಹಿಂದೆ ಋಣಚಿಹ್ನೆ. ಇನ್ನೊಬ್ಬಳದು ಕಾಸ್ 2ಎಕ್ಸ್‌ನ ಕಾಲುಭಾಗ, ಅದಕ್ಕೂ ಋಣಚಿಹ್ನೆ. ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಸೈನ್ ವರ್ಗಕ್ಕೆ ಕಾಸ್ ವರ್ಗ ಕೂಡಿಸಿದರೆ ಯಾವಾಗಲೂ 1. ಹಾಗಾಗಿ ಮೊದಲ ಎರಡು ಉತ್ತರಗಳ ನಡುವಿನ ಅಂತರ ಬರೀ ಅರ್ಧ. ಮೊದಲನೆಯದಕ್ಕೂ ಮೂರನೆಯದಕ್ಕೂ ಬರೀ ಕಾಲು. ಎಕ್ಸ್ ಎಷ್ಟೇ ಇರಲಿ, ಈ ಅಂತರ ಬದಲಾಗುವುದಿಲ್ಲ. ಕೊನೆಯಲ್ಲಿ ‘ಪ್ಲಸ್ ಸಿ’ ಎಂದು ಬರೆಯುವ ಸ್ಥಿರಾಂಕ ಇರುವುದೇ ಇಂಥ ಅಂತರವನ್ನು ನುಂಗಿಕೊಳ್ಳುವುದಕ್ಕೆ. ಸೊನ್ನೆಯಿಂದ 90 ಡಿಗ್ರಿಯವರೆಗಿನ ಬೆಲೆ ಕೇಳಿದ್ದರೆ ಮೂವರಿಗೂ ಅರ್ಧವೇ ಬರುತ್ತಿತ್ತು, ಗಾಡಿಯಲ್ಲಿ ಗದ್ದಲವೇ ಇರುತ್ತಿರಲಿಲ್ಲ.

ಹೋಲಿಸುವುದನ್ನು ನಿಲ್ಲಿಸಿ ಎಂದು ನಾನು ಬರೆಯಲಾರೆ. ಮೂರು ಗಂಟೆ ತಲೆ ಕೆಡಿಸಿಕೊಂಡ ಲೆಕ್ಕದ ಬಗ್ಗೆ ಮಾತಾಡದೆ ಇರುವುದು ಆ ವಯಸ್ಸಿಗೆ ಸಾಧ್ಯವೂ ಅಲ್ಲ, ಒಳ್ಳೆಯದೂ ಅಲ್ಲ. ಪುಸ್ತಕದಲ್ಲಿ ವರ್ಷವಿಡೀ ಹತ್ತದ್ದು ಆ ಬಿಸಿಯಲ್ಲಿ ಒಮ್ಮೆಗೇ ತಲೆಗೆ ಹತ್ತುವುದುಂಟು. ಕೆಡುಕಾಗುವುದು ಪಕ್ಕದವಳ ಉತ್ತರವನ್ನೇ ಅಳತೆಗೋಲು ಮಾಡಿಕೊಂಡಾಗ. ತರಗತಿಗೆ ಮೊದಲಿಗಳಾದವಳು ಏನು ಬರೆದಳು, ಹೆಚ್ಚು ಜನರಿಗೆ ಯಾವುದು ಬಂತು ಎಂದು ಕೈ ಎತ್ತಿಸಿ ನಿರ್ಧರಿಸುತ್ತಾರಲ್ಲ, ಅದು ನನಗೆ ಸಹಿಸದು. ಗಣಿತದಲ್ಲಿ ಬಹುಮತಕ್ಕೆ ಬೆಲೆಯಿಲ್ಲ. ಅನುಕಲನದ ಉತ್ತರ ಸರಿಯೋ ತಪ್ಪೋ ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ: ಉತ್ತರವನ್ನು ಅವಕಲಿಸಬೇಕು (ಅನುಕಲನದ ತಿರುಗುಮುರುಗು ಕ್ರಿಯೆ, ಡಿಫರೆನ್ಶಿಯೇಟ್ ಮಾಡುವುದು), ಪ್ರಶ್ನೆ ಮರಳಿ ಬಂದರೆ ಸರಿ. ಆ ಮೂವರಲ್ಲಿ ಒಬ್ಬಳು ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಇದನ್ನು ಮಾಡಿದ್ದರೆ ಠಾಣೆಯ ಮುಂದಿನ ನಿಲ್ದಾಣ ಕಳವಾ ದಾಟುವಷ್ಟರಲ್ಲಿ ಮೂವರೂ ನಗುತ್ತಿದ್ದರು.

ನಿಜವಾಗಿಯೇ ತಪ್ಪಾದ ಲೆಕ್ಕಗಳೂ ಇರಬಹುದು. ಬರವಣಿಗೆಯ ಪರೀಕ್ಷೆಯ 80 ಅಂಕಗಳು ಕೊನೆಯ ಸಾಲಿಗಷ್ಟೇ ಮೀಸಲಲ್ಲ. ಬಿಡಿಸುವ ಲೆಕ್ಕಗಳಲ್ಲಿ ಸರಿಯಾದ ಹಂತಗಳಿಗೂ ಅಂಕವಿದೆ. ಆದ್ದರಿಂದ ‘ಎಷ್ಟು ಬರಬಹುದು’ ಎಂದು ಅವಳನ್ನು ಕೂಡಿಸಿ ಲೆಕ್ಕ ಹಾಕಿಸಬೇಡಿ. ಊರಿನಿಂದ ಫೋನ್ ಮಾಡುವ ಅತ್ತೆ, ಚಿಕ್ಕಪ್ಪಂದಿರಿಗೂ ನೀವೇ ಉತ್ತರಿಸಿ, ಫೋನ್ ಅವಳ ಕೈಗೆ ಕೊಡಬೇಡಿ. ಗಣಿತದ ಪತ್ರಿಕೆಯನ್ನು ಸದ್ಯಕ್ಕೆ ಕಪಾಟಿನಲ್ಲಿಟ್ಟು, ಮುಂದಿನ ಪೇಪರ್‌ಗೆ ಓದಲಿ.

ಕೊನೆಯ ಪೇಪರ್ ಮುಗಿದ ದಿನ ಆ ಇಬ್ಬರು ಗೆಳತಿಯರನ್ನು ಮನೆಗೆ ಕರೆಯಿರಿ. ಪತ್ರಿಕೆ ಹರಡಿಕೊಂಡು ಮೂವರೂ ಮನಸಾರೆ ಜಗಳವಾಡಲಿ. ಮೂವರಿಗೂ ಬಗೆಹರಿಯದ ಲೆಕ್ಕ ಉಳಿದರೆ ನಮಗೆ ಕಳಿಸಿ. ಗಣಿತದ ಅಧ್ಯಾಪಕರೊಬ್ಬರಿಂದ ಬಿಡಿಸಿಸಿ ಎಲ್ಲ ಹಂತಗಳೊಂದಿಗೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.