ಕಣ್ಣಂಚಿನ ಬಿಂದು: ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು

ಪ್ರಶ್ನೆ: ನಮಸ್ಕಾರ್ರಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತೇನೆ, ವಯಸ್ಸು 43. ಸಂಜೆಯಾದರೆ ಹುಬ್ಬು ಜಗ್ಗಿ ಕಣ್ಣು ಉರಿಯುತ್ತವೆ. ನೀಲಿ ಬಟ್ಟೆ ಮೇಲೆ ನೀಲಿ ದಾರ ಕಾಣುವುದೇ ಇಲ್ಲ. ಮೂಗಿನ ಪಕ್ಕ, ಕಣ್ಣಿನ ಮೂಲೆಯಲ್ಲಿ ಒತ್ತಿದರೆ ಕನ್ನಡಕವೇ ಬೇಡ ಎಂದು ಮೊಬೈಲಿನಲ್ಲಿ ನೋಡಿದೆ. ನಿಜವೇನ್ರಿ? ಹೇಗೆ ಒತ್ತಬೇಕು?

ಉತ್ತರ: ನೀವು ನೋಡಿದ್ದು ‘ಜಿಂಗ್‌ಮಿಂಗ್’ ಎಂಬ ಬಿಂದು. ಚೀನೀ ವೈದ್ಯದಲ್ಲಿ ಮೂತ್ರಕೋಶದ ನಾಡಿಪಥಕ್ಕೆ (ಮೈಯಲ್ಲಿ ಶಕ್ತಿ ಹರಿಯುತ್ತದೆಂದು ಅವರು ನಂಬುವ ದಾರಿ) 67 ಬಿಂದುಗಳು, ಇದು ಅವುಗಳಲ್ಲಿ ಮೊದಲನೆಯದು. ಕಣ್ಣಿನ ಒಳಮೂಲೆಗಿಂತ ಕೂದಲೆಳೆಯಷ್ಟು ಮೇಲಿನ ಗುಳಿಯಲ್ಲಿದೆ. ಇದನ್ನು ನೀವೇ ಒತ್ತುವುದು ಬೇಡ. ಬೆರಳು ಸ್ವಲ್ಪ ಜಾರಿದರೂ ಒತ್ತಡ ಕಣ್ಣುಗುಡ್ಡೆಯ ಮೇಲೆ ಬೀಳುತ್ತದೆ. ಗುಡ್ಡೆ ಒತ್ತಿದರೆ ಹೃದಯದ ಬಡಿತ ನಿಧಾನವಾಗಿ ಕೆಲವರಿಗೆ ತಲೆ ಸುತ್ತುವುದೂ ಉಂಟು.

ಅದರ ಬದಲು ಮೇಲಿನ ಬಿಂದು ‘ಜಾನ್‌ಜು’ ಹಿಡಿಯಿರಿ. ಹುಬ್ಬಿನ ಒಳತುದಿಯಲ್ಲಿ, ಎಲುಬಿನ ಅಂಚನ್ನು ಹೆಬ್ಬೆರಳಿನಿಂದ ತಡವಿದರೆ ಸಣ್ಣದೊಂದು ಕಚ್ಚು ಸಿಗುತ್ತದೆ. ಅಲ್ಲಿ ನರದ ಎಳೆ ಹಾದುಹೋಗುವುದರಿಂದ ಒತ್ತಿದಾಗ ಹಿತವಾದ ನೋವು ಬರುತ್ತದೆ. ಸಿಕ್ಕ ಗುರುತೇ ಅದು.

ಕೈ ತೊಳೆದು, ಉಗುರು ಕತ್ತರಿಸಿ, ಮೊಣಕೈಗಳನ್ನು ಮಷಿನ್ ಹಲಗೆಯ ಮೇಲೆ ಊರಿ, ಕಣ್ಣು ಮುಚ್ಚಿಕೊಳ್ಳಿ. ಎರಡೂ ಹೆಬ್ಬೆರಳ ಮೆತ್ತನೆಯ ಭಾಗವನ್ನು ಕಚ್ಚಿಗೆ ಇಟ್ಟು, ತಲೆಯ ಭಾರವನ್ನು ನಿಧಾನಕ್ಕೆ ಬಿಡಿ. ಬಲ ಹಾಕಬೇಡಿ, ತಲೆಯ ತೂಕವೇ ಸಾಕು. ದಿಕ್ಕು ಮೇಲಕ್ಕೆ, ಎಲುಬಿನ ಕಡೆಗೆ, ಎಂದಿಗೂ ಕಣ್ಣಿನ ಕಡೆಗಲ್ಲ. 5 ಸೆಕೆಂಡ್ ಒತ್ತಿ, ಬಿಡಿ. ಹೀಗೆ 8 ರಿಂದ 10 ಸಲ, ದಿನಕ್ಕೆ ಎರಡು ಮೂರು ಬಾರಿ. ಡೆನಿಮ್ ನೂಲಿನ ಪುಡಿ ಮೆತ್ತಿದ ಕೈಯಲ್ಲಿ ಕಣ್ಣುಜ್ಜಬೇಡಿ, ಕಣ್ಣಿನ ಕರಿಗುಡ್ಡೆಯ ಮೇಲಿನ ಪದರ ಗೀರುತ್ತದೆ.

ಇದರಿಂದ ಹುಬ್ಬಿನ ಬಿಗಿತ ಸಡಿಲವಾಗುತ್ತದೆ, ಅಷ್ಟೆ. ದಾರ ಕಾಣದಿರುವುದಕ್ಕೆ ಕಾರಣ ಬಹುಶಃ ಚಾಳೀಸು. 40 ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಗಟ್ಟಿಯಾಗಿ ಹತ್ತಿರಕ್ಕೆ ಹೊಂದಿಕೊಳ್ಳುವುದಿಲ್ಲ. ಯಾವ ಬಿಂದು ಒತ್ತಿದರೂ ಅದು ಮೆತ್ತಗಾಗದು. ಕಣ್ಣು ಪರೀಕ್ಷಿಸಿ, ನೀವು ಹೊಲಿಯುವ ದೂರವನ್ನು ಅಳೆದು ಹೇಳಿ ಕನ್ನಡಕ ಮಾಡಿಸಿ. ಉರಿಗೆ ಕಾರಣ ಬೇರೆ: ಸೂಜಿಯ ಮೇಲೆ ದೃಷ್ಟಿ ನೆಟ್ಟಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಮೇಲೆ ಫ್ಯಾನಿನ ಗಾಳಿ. ಫ್ಯಾನ್ ಮುಖಕ್ಕೆ ನೇರವಾಗಿರದಂತೆ ತಿರುಗಿಸಿ, ಸೂಜಿಯ ಪಕ್ಕಕ್ಕೆ ಸಣ್ಣ ಎಲ್‌ಇಡಿ ಹಾಕಿಸಿ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆ 20 ಸೆಕೆಂಡ್ ನೋಡಿ, ಬೇಕೆಂದೇ ರೆಪ್ಪೆ ಬಡಿಯಿರಿ.

ಪ್ರಶ್ನೆ: ರಾಯಚೂರಿನಲ್ಲಿ ನಮ್ಮ ವೈನಿ ಕಣ್ಣಿನ ಮೂಲೆಗೇ ಅಕ್ಯುಪಂಕ್ಚರ್ ಸೂಜಿ ಹಾಕಿಸಿಕೊಂಡರು. ಮರುದಿನ ಕಣ್ಣಿನ ಸುತ್ತ ನೀಲಿಗಟ್ಟಿದೆ. ಬಿ.ಪಿ., ಹೃದಯದ ಗುಳಿಗೆ ತಗೊಳ್ಳುತ್ತಾರೆ. ದೃಷ್ಟಿ ಹೋದೀತೆಂಬ ಹೆದರಿಕೆ.

ಉತ್ತರ: ಮೊದಲು ಇದನ್ನು ನೋಡಿ: ಮಂಜಾಗಿದೆಯೇ, ಒಂದು ಎರಡಾಗಿ ಕಾಣುತ್ತಿದೆಯೇ, ಗುಡ್ಡೆ ಮುಂದಕ್ಕೆ ಉಬ್ಬಿದೆಯೇ, ಜೋರು ನೋವು, ವಾಂತಿ ಇದೆಯೇ? ಒಂದೇ ಇದ್ದರೂ ತಡಮಾಡದೆ ರಿಮ್ಸ್‌ನಂಥ ಕಣ್ಣಿನ ವಿಭಾಗವಿರುವ ಆಸ್ಪತ್ರೆಗೆ ಓಡಿ. ಗುಡ್ಡೆಯ ಹಿಂದೆ ರಕ್ತ ಕಟ್ಟಿದರೆ ದೃಷ್ಟಿಯ ನರ ಅದುಮಿ ಹೋಗುತ್ತದೆ, ಅಲ್ಲಿ ಗಂಟೆಗಳ ಲೆಕ್ಕ.

ಬರೀ ನೀಲಿಯಾಗಿದ್ದರೆ ಮೊದಲ ದಿನ ಬಟ್ಟೆ ಸುತ್ತಿದ ಐಸನ್ನು 10 ನಿಮಿಷ ಹಗುರವಾಗಿ ಇಡಿ, ಎರಡನೇ ದಿನ ದಾಟಿದ ಮೇಲೆ ಉಗುರುಬೆಚ್ಚಗಿನ ಬಟ್ಟೆ. ಹಸಿರು, ಹಳದಿಯಾಗಿ ಒಂದೆರಡು ವಾರದಲ್ಲಿ ಮಾಸುತ್ತದೆ. ಆ ಮೂಲೆಯಲ್ಲಿ ಚರ್ಮ ಸಡಿಲ, ಕೆಳಗೇ ರಕ್ತನಾಳ, ಹಾಗಾಗಿ ಒಂದು ಹನಿ ಸೋರಿದರೂ ಹರಡುತ್ತದೆ. ಬಲ್ಲವರು ರೋಗಿಯನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ಗುಡ್ಡೆಯನ್ನು ಬೆರಳಿಂದ ಹೊರಗಡೆಗೆ ಸರಿಸಿ, ತೆಳು ಸೂಜಿಯನ್ನು ನಿಧಾನಕ್ಕೆ ಇಳಿಸುತ್ತಾರೆ. ತಿರುಗಿಸುವುದಿಲ್ಲ, ಮೇಲೆ ಕೆಳಗೆ ಆಡಿಸುವುದಿಲ್ಲ, ಅಲ್ಲಿ ಬೆಂಕಿಯ ಶಾಖ ಕೊಡುವುದೇ ಇಲ್ಲ. ತೆಗೆದ ಮೇಲೆ ಒಣ ಹತ್ತಿಯಿಂದ ಒಂದೆರಡು ನಿಮಿಷ ಅದುಮಿ ಹಿಡಿಯಬೇಕು. ಬಹಳ ಕಡೆ ತಪ್ಪುವುದು ಈ ಕೊನೆಯ ಹೆಜ್ಜೆಯೇ.

ವೈನಿಯವರ ಗುಳಿಗೆಗಳಲ್ಲಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಅಥವಾ ವಾರ್ಫರಿನ್ ಇದೆಯೇ ನೋಡಿ. ಇದ್ದರೆ ರಕ್ತ ಬೇಗ ನಿಲ್ಲುವುದಿಲ್ಲ, ಇನ್ನು ಕಣ್ಣಿನ ಸುತ್ತ ಸೂಜಿ ಬೇಡವೇ ಬೇಡ. ಆದರೆ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರನ್ನು ಕೇಳಿ.

ಪ್ರಶ್ನೆ: ಕೊಪ್ಪಳದವಳು. ಮಗ 5ನೇ ತರಗತಿ, ಬೋರ್ಡು ಕಾಣುತ್ತಿಲ್ಲ. ಕಾಲಿನಲ್ಲಿರುವ ಬಿಂದು ಒತ್ತಿದರೆ ಮೆದುಳಿನ ನೋಟದ ಭಾಗ ಚುರುಕಾಗುತ್ತದಂತೆ?

ಉತ್ತರ: ಕಣ್ಣಿಗೆಂದು ಹೇಳುವ ‘ಗ್ವಾಂಗ್‌ಮಿಂಗ್’ ಹೊರ ಹರಡಿನಿಂದ 5 ಚುನ್ ಮೇಲಿದೆ, ಅಂದರೆ ಮಗನದೇ ನಾಲ್ಕು ಬೆರಳ ಅಗಲ, ಅದರ ಮೇಲೆ ಮೂರು ಬೆರಳ ಅಗಲ, ಕಾಲಿನ ಹೊರಗಡೆಯ ಸಣ್ಣ ಎಲುಬಿನ ಮುಂದಿನ ಅಂಚಿಗೆ. ಒತ್ತಿದರೆ ಹಾನಿಯಿಲ್ಲ. ಮೆದುಳಿನ ಮಾತು ಬಂದದ್ದು ಕಾಲಿನ ಕಿರುಬೆರಳ ಬಿಂದುವಿನ ಮೇಲಿನ 1998ರ ಪ್ರಬಂಧವೊಂದರಿಂದ. ಅದನ್ನು ಬರೆದವರಲ್ಲಿ ಹಲವರು 2006ರಲ್ಲಿ ಹಿಂದಕ್ಕೆ ಪಡೆದರು. ಚೀನಾದಲ್ಲಿ 1960ರ ದಶಕದಿಂದ ಶಾಲೆ ಮಕ್ಕಳಿಗೆ ಕಣ್ಣಿನ ಬಿಂದುಗಳನ್ನು ಒತ್ತುವ ಕಸರತ್ತು ಮಾಡಿಸುತ್ತಿದ್ದಾರೆ, ಆದರೂ ಅಲ್ಲಿ ದೂರದ್ದು ಕಾಣದ ಮಕ್ಕಳು ಬಹಳ. ಈ ವಾರವೇ ಕಣ್ಣು ಪರೀಕ್ಷೆ ಮಾಡಿಸಿ. ಕನ್ನಡಕ ಬರೆದರೆ ಹಾಕಿಸಿ. ಹಾಕಿದರೆ ನಂಬರ್ ಏರುತ್ತದೆ ಎಂಬುದು ಸುಳ್ಳು. ದಿನಕ್ಕೆ ಎರಡು ತಾಸು ಬಯಲಲ್ಲಿ ಆಡಲಿ. ನಿಮ್ಮ ಕಡೆ ಬಿಸಿಲು ಜೋರು, ಬೆಳಗ್ಗೆ ಒಂದು ತಾಸು, ಸಂಜೆ ಒಂದು ತಾಸು ಮಾಡಿ.